ಮೀಥೇನ್ ಇಳಿಯಿತೆಂದು ಬರೆಯುವ ಮುನ್ನ

ಮಗಳೇ, ಮುಚ್ಚಿದ ಕಸದ ಗುಡ್ಡಗಳ ಸುತ್ತ ಮೀಥೇನ್ ಅಳೆದು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ವರದಿ ಬರೆದುಕೊಡುವ ಕೆಲಸಕ್ಕೆ ನೀನು ಸೇರಿದ್ದೀಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬ ಸಂತೋಷವಾಯಿತು. ಸಂಖ್ಯಾಶಾಸ್ತ್ರವನ್ನು ನೀನು ಓದಿಯೇ ಬಂದಿದ್ದೀಯ, ಸಾಫ್ಟ್‌ವೇರ್ ಬಳಕೆಯಲ್ಲೂ ನಿನ್ನ ಕೈ ಚುರುಕು. ಅದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಪರಿಸರ ಮಾಪನದಲ್ಲೇ ಆಯುಷ್ಯದ ಬಹುಪಾಲು ಕಳೆದ ದೊಡ್ಡಪ್ಪನಾಗಿ, ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಕೆಲವು ಸಂಗತಿಗಳನ್ನು ನಿನಗೆ ಬಿಡಿಸಿ ಹೇಳಬೇಕೆನಿಸಿದೆ. ಈ ಕೆಲಸದಲ್ಲಿ ಲೆಕ್ಕ ತಪ್ಪುವುದು ಅಪರೂಪ. ಲೆಕ್ಕಕ್ಕೆ ಕೊಟ್ಟ ಅಂಕಿ ಹೇಗೆ ಹುಟ್ಟಿತು ಎಂದು ಯಾರೂ ವಿಚಾರಿಸದೆ ಹೋಗುವುದೇ ಹೆಚ್ಚು.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲಾಸ್ಕೋ ಎಂಬ ಹಳ್ಳಿಯಿದೆ. ಇಟ್ಟಿಗೆಗೆಂದು ಮಣ್ಣು ತೆಗೆದ ಹಳ್ಳದಲ್ಲಿ ವರ್ಷಗಟ್ಟಲೆ ಕಸ ಸುರಿದು, 1982ರಲ್ಲಿ ಅಲ್ಲಿ ಕಸ ಹಾಕುವುದನ್ನು ನಿಲ್ಲಿಸಿದ್ದರು. 1986ರ ಮಾರ್ಚ್ 24ರ ಬೆಳಿಗ್ಗೆ ಅದರ ಪಕ್ಕದ ಬೀದಿಯ ಒಂದು ಮನೆ ಸ್ಫೋಟಗೊಂಡು ನೆಲಸಮವಾಯಿತು. ಒಳಗಿದ್ದ ಮೂವರಿಗೂ ತೀವ್ರ ಗಾಯಗಳಾದವು. ತನಿಖೆ ಮಾಡಿದವರು ವಾಯುಭಾರದ ದಾಖಲೆ ತೆಗೆದು ನೋಡಿದಾಗ, ಏಳು ಗಂಟೆಗಳ ಅವಧಿಯಲ್ಲಿ ಅದು 29 ಮಿಲಿಬಾರ್ ಕುಸಿದಿದ್ದು ಕಂಡಿತು. ಮೇಲಿನ ಗಾಳಿಯ ಒತ್ತಡ ಕಡಿಮೆಯಾಗುತ್ತಿದ್ದಂತೆ ಕಸದೊಳಗೆ ಕಟ್ಟಿಕೊಂಡಿದ್ದ ಅನಿಲ ಬಂಡೆಗಳ ಬಿರುಕಿನಲ್ಲಿ ಹರಿದು ಮನೆಯ ನೆಲದಡಿ ಬಂದು ಸೇರಿತ್ತು.

ಈ ಘಟನೆಯನ್ನು ನಿನ್ನ ಕೆಲಸಕ್ಕೆ ಹೊಂದಿಸಿ ನೋಡು. ಮೂರು ತಿಂಗಳಿಗೊಮ್ಮೆ ನಿಮ್ಮ ತಂಡ ಸೈಟಿಗೆ ಹೋಗುತ್ತದೆ. ಮಳೆ ಬರುವ ಹಾಗಿದ್ದರೆ ಭೇಟಿಯನ್ನು ಮುಂದೂಡುತ್ತದೆ. ಉಪಕರಣ ನೆನೆಯಬಾರದು, ಕೆಸರಿನಲ್ಲಿ ಗಾಡಿ ಹೂತುಹೋಗಬಾರದು, ತಪ್ಪೇನಿಲ್ಲ. ಆದರೆ ಹೀಗೆ ಮಾಡಿದಾಗ ನಿನ್ನ ಅಂಕಿಗಳೆಲ್ಲ ಆಕಾಶ ತಿಳಿಯಾಗಿರುವ, ವಾಯುಭಾರ ಹೆಚ್ಚಿರುವ, ಅನಿಲ ಕಸದೊಳಗೇ ಅದುಮಿಕೊಂಡಿರುವ ದಿನಗಳ ಅಂಕಿಗಳಾಗುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಊರೆಲ್ಲ ಮೋಡ ಕವಿದ ದಿನ, ಅನಿಲ ಅಳೆಯಲೆಂದು ಕೊರೆದ ಬಾವಿಗಳಲ್ಲಿ ಏನಿತ್ತು ಎಂಬುದು ನಿನ್ನ ಕಡತದಲ್ಲಿ ಇರುವುದೇ ಇಲ್ಲ. ಅಂಥ ಕಡತದ ಮೇಲೆ ಸಂಖ್ಯಾಶಾಸ್ತ್ರದ ಎಷ್ಟು ಒಳ್ಳೆಯ ಪರೀಕ್ಷೆ ನಡೆಸಿದರೂ ಅದು ತಿಳಿ ದಿನಗಳ ಪ್ರವೃತ್ತಿಯನ್ನಷ್ಟೇ ಹೇಳೀತು.

ನಮ್ಮ ಕಡೆ ಇನ್ನೊಂದು ವಿಶೇಷವಿದೆ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ ಮೂರು ನಾಲ್ಕು ಮಿಲಿಬಾರ್. ಯುರೋಪಿನ ಬಿರುಗಾಳಿಯ ಮುಂದೆ ಇದು ಸಣ್ಣದು, ಆದರೆ ದಿನವೂ ತಪ್ಪದೆ ನಡೆಯುವಂಥದ್ದು. ಕಳೆದ ವರ್ಷದ ತಂಡ ಸಂಜೆ ಅಳೆಯುತ್ತಿತ್ತು, ಈ ವರ್ಷದವರು ಟ್ರಾಫಿಕ್ ತಪ್ಪಿಸಲೆಂದು ಬೆಳಿಗ್ಗೆ ಹೋಗುತ್ತಿದ್ದಾರೆ ಎಂದಿಟ್ಟುಕೋ. ಬಾವಿಯಲ್ಲಿ ಏನೂ ಬದಲಾಗದೆ ನಿನ್ನ ಗ್ರಾಫಿನಲ್ಲಿ ಇಳಿಕೆ ಕಾಣಿಸಿಕೊಳ್ಳಬಹುದು. ಆದ್ದರಿಂದ ರೀಡಿಂಗ್ ಪಕ್ಕದಲ್ಲಿ ಗಂಟೆಯನ್ನೂ ವಾಯುಭಾರವನ್ನೂ ಬರೆದುಕೊಳ್ಳಬೇಕು. ಆ ಹೊತ್ತಿನ ವಾಯುಭಾರ ಮಾತ್ರ ಸಾಲದು. ಹಿಂದಿನ ಕೆಲವು ಗಂಟೆಗಳಿಂದ ಅದು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದು ಹೆಚ್ಚು ಮುಖ್ಯ.

ಇನ್ನು ಮೀಥೇನ್ ಅಂಕಿಯ ಗುಣ. ಗಾಳಿಯಿಲ್ಲದೆ ಕೊಳೆಯುವ ಕಸದಿಂದ ಬರುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ನೀನು ಬರೆದುಕೊಳ್ಳುವುದು ಶೇಕಡಾವಾರು, ಎಂದರೆ ಒಟ್ಟು ಅನಿಲದಲ್ಲಿ ಮೀಥೇನಿನ ಪಾಲು. ಅನಿಲ ಹೀರುವ ಪಂಪನ್ನು ಯಾರೋ ಜೋರಾಗಿ ತಿರುಗಿಸಿದರು ಅಥವಾ ಬಾವಿಯ ಮುಚ್ಚಳ ಸಡಿಲವಾಯಿತು ಎಂದುಕೋ. ಹೊರಗಿನ ಗಾಳಿ ಒಳನುಗ್ಗುತ್ತದೆ, ಮೀಥೇನಿನ ಪಾಲು ಇಳಿಯುತ್ತದೆ. ನೀರು ಬೆರೆಸಿದ ಹಾಲನ್ನು ಪರೀಕ್ಷಿಸಿ ಹಸುವಿನ ಹಾಲಿನಲ್ಲಿ ಜಿಡ್ಡು ಕಡಿಮೆಯಾಯಿತು ಎಂದರೆ ಹೇಗೋ ಹಾಗೆ ಇದು. ಕಸ ಮೊದಲಿನಷ್ಟೇ ಮೀಥೇನ್ ಉತ್ಪಾದಿಸುತ್ತಿರುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ: ಆಮ್ಲಜನಕ ಮತ್ತು ಸಾರಜನಕದ ಅಂಕಿ ನೋಡು. ಮೀಥೇನ್ ಇಳಿದು ಅವೆರಡೂ ಏರಿದ್ದರೆ ಮೊದಲು ಬಾವಿಯ ಬಾಯಿ ಪರೀಕ್ಷಿಸಲು ಹೇಳು. ಮೀಥೇನಿಗೂ ಇಂಗಾಲದ ಡೈಆಕ್ಸೈಡಿಗೂ ಇರುವ ಅನುಪಾತವನ್ನು ಗಮನಿಸುವುದು ಒಳ್ಳೆಯ ಅಭ್ಯಾಸ. ಗಾಳಿ ಬೆರೆತರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಅನುಪಾತ ಅಷ್ಟಾಗಿ ಕದಲುವುದಿಲ್ಲ.

ಉಪಕರಣದ ಚರಿತ್ರೆಯೂ ನಿನಗೆ ಗೊತ್ತಿರಬೇಕು. ಮೀಥೇನನ್ನು ಉರಿಸಿ ಅಳೆಯುವ ಬಗೆಯ ಸೆನ್ಸರ್‌ಗೆ ಆಮ್ಲಜನಕ ಬೇಕೇಬೇಕು. ಆಮ್ಲಜನಕವೇ ಇಲ್ಲದ ಬಾವಿಯೊಳಗೆ ಅದನ್ನು ಇಳಿಸಿದರೆ, ಮೀಥೇನ್ ತುಂಬಿ ತುಳುಕುತ್ತಿದ್ದರೂ ಅದು ಕಡಿಮೆ ತೋರಿಸೀತು. ಅವಗೆಂಪು ಕಿರಣದ ಉಪಕರಣಕ್ಕೆ ಆ ತೊಂದರೆಯಿಲ್ಲ, ಆದರೆ ಅದು ಬೇರೆ ಹೈಡ್ರೋಕಾರ್ಬನ್‌ಗಳನ್ನೂ ಮೀಥೇನ್ ಎಂದೇ ಎಣಿಸಬಹುದು. ನಡುವೆ ಒಂದು ವರ್ಷ ಉಪಕರಣ ಬದಲಾಗಿದ್ದರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ. ಪರೀಕ್ಷೆಗೆ ಮೆಟ್ಟಿಲೂ ಇಳಿಜಾರೂ ಒಂದೇ.

ಇದು ಸಣ್ಣ ಕಂಪನಿಗಳ ಪಾಡು ಮಾತ್ರ ಎಂದುಕೊಳ್ಳಬೇಡ. ಇಡೀ ಭೂಮಿಯ ವಾಯುಮಂಡಲದ ಮೀಥೇನ್ ಲೆಕ್ಕ ಇಡುವ ಅಮೆರಿಕದ ನೋವಾ ಸಂಸ್ಥೆ ಮೊದಲು 1983ರ ಅಳತೆಗೋಲನ್ನು ಬಳಸುತ್ತಿತ್ತು. ಆಮೇಲೆ ಹೆಚ್ಚು ನಿಖರವಾದ 2004ರ ಅಳತೆಗೋಲು ಬಂತು. ಹಳೆಯದರಿಂದ ಹೊಸದಕ್ಕೆ ಬರಲು ಪ್ರತಿ ಅಂಕಿಯನ್ನೂ 1.0124ರಿಂದ ಗುಣಿಸಬೇಕು. ಶೇ. 1.24 ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಗಾಳಿಯಲ್ಲಿ ಮೀಥೇನ್ ಆಗ ಸುಮಾರು 1,775 ಪಿಪಿಬಿ, ಎಂದರೆ ನೂರು ಕೋಟಿ ಕಣಗಳಲ್ಲಿ 1,775 ಕಣ. ಅದರ ಶೇ. 1.24 ಎಂದರೆ 22 ಪಿಪಿಬಿ. ಎಷ್ಟೋ ವರ್ಷ ಜಗತ್ತಿನ ಮೀಥೇನ್ ವರ್ಷಕ್ಕೆ ಏರಿದ್ದು ಹತ್ತು ಪಿಪಿಬಿಗೂ ಕಡಿಮೆ. ಹಳೆಯ ಅಂಕಿ ಮತ್ತು ಹೊಸ ಅಂಕಿಗಳನ್ನು ಹಾಗೆಯೇ ಅಂಟಿಸಿದ್ದರೆ ನಡೆದೇ ಇಲ್ಲದ ಎರಡು ಮೂರು ವರ್ಷಗಳ ಏರಿಕೆ ಒಂದೇ ದಿನದಲ್ಲಿ ಹುಟ್ಟಿಬಿಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹಳೆಯ ದಾಖಲೆಯನ್ನೆಲ್ಲ ಹೊಸ ಅಳತೆಗೋಲಿಗೆ ತಿದ್ದಿಕೊಂಡರು. ನಿನ್ನ ಕಡತದಲ್ಲಿ ಕ್ಯಾಲಿಬ್ರೇಶನ್ ದಾಖಲೆ ಸಿಗದಿದ್ದರೆ ಕೇಳಿ ತರಿಸಿಕೋ. ಸಿಗುವುದೇ ಇಲ್ಲವೆಂದಾದರೆ ಅದನ್ನು ವರದಿಯಲ್ಲಿ ಬರೆ.

ಈಗ ಪರೀಕ್ಷೆಗೆ ಬರೋಣ. ನಿಮ್ಮಲ್ಲಿ ಬಹುಶಃ ಮಾನ್–ಕೆಂಡಾಲ್ ಪರೀಕ್ಷೆಯನ್ನೇ ಬಳಸುತ್ತಾರೆ. ಹೆನ್ರಿ ಮಾನ್ 1945ರಲ್ಲಿ ಇದನ್ನು ಬರೆದ. ಅದಕ್ಕೆ ಆಧಾರ ಮಾರಿಸ್ ಕೆಂಡಾಲ್ 1938ರಲ್ಲಿ ಕೊಟ್ಟ ಅಳತೆ. ನನಗೆ ಈ ಪರೀಕ್ಷೆಯ ಮೇಲೆ ತುಂಬ ಪ್ರೀತಿ, ಯಾಕೆಂದರೆ ಇದನ್ನು ಕಾಗದದ ಮೇಲೆ ಕೈಯಲ್ಲೇ ಮಾಡಬಹುದು. ಎರಡು ವರ್ಷ, ಮೂರು ತಿಂಗಳಿಗೊಂದರಂತೆ ಎಂಟು ರೀಡಿಂಗ್ ಎಂದುಕೋ: 42, 40, 41, 38, 39, 35, 36, 33. ಪ್ರತಿಯೊಂದನ್ನೂ ಅದರ ಮುಂದಿನ ಪ್ರತಿಯೊಂದರ ಜೊತೆ ಹೋಲಿಸು. ಒಟ್ಟು 28 ಜೋಡಿಗಳು. ಮುಂದಿನದು ದೊಡ್ಡದಾಗಿದ್ದರೆ ಕೂಡು ಒಂದು, ಚಿಕ್ಕದಾಗಿದ್ದರೆ ಕಳೆ ಒಂದು. ಇಲ್ಲಿ ಮೂರು ಜೋಡಿಗಳಲ್ಲಿ ಏರಿಕೆ, 25ರಲ್ಲಿ ಇಳಿಕೆ. ಮೊತ್ತ ಕಳೆ 22. ನಿಜಕ್ಕೂ ಯಾವ ಪ್ರವೃತ್ತಿಯೂ ಇಲ್ಲದೆ, ಎಂಟು ಅಂಕಿಗಳು ಆಕಸ್ಮಿಕವಾಗಿ ಏರಿಕೆಯ ಕಡೆಗೋ ಇಳಿಕೆಯ ಕಡೆಗೋ ಇಷ್ಟು ವಾಲಿಕೊಳ್ಳುವ ಸಾಧ್ಯತೆ ಸಾವಿರಕ್ಕೆ ಐದೂವರೆ. ಹಾಗಾಗಿ ಇದು ಆಕಸ್ಮಿಕವಲ್ಲ ಎನ್ನಲು ಧೈರ್ಯ ಬರುತ್ತದೆ.

ಇಳಿಕೆ ಎಷ್ಟು ಎನ್ನುವುದಕ್ಕೆ ಕೋಲ್ಕತ್ತದ ಪ್ರಣಬ್ ಕುಮಾರ್ ಸೇನ್ ಅವರನ್ನು ನೆನೆಯಬೇಕು. 1968ರ ಅವರ ಪ್ರಬಂಧದ ದಾರಿ ಸರಳ: ಆ 28 ಜೋಡಿಗಳಲ್ಲಿ ಪ್ರತಿಯೊಂದರ ಇಳಿಜಾರನ್ನೂ ಲೆಕ್ಕಹಾಕಿ, ಕ್ರಮವಾಗಿ ಜೋಡಿಸಿ, ನಡುವಿನದನ್ನು ತೆಗೆದುಕೊಳ್ಳುವುದು. ಮೇಲಿನ ಅಂಕಿಗಳಿಗೆ ಅದು ಮೂರು ತಿಂಗಳಿಗೆ 1.25ರಷ್ಟು ಇಳಿಕೆ ಎನ್ನುತ್ತದೆ. ಎಲ್ಲೋ ಒಂದು ರೀಡಿಂಗ್ ವಿಪರೀತವಾಗಿದ್ದರೂ ನಡುವಿನ ಅಂಕಿ ಅಷ್ಟಾಗಿ ಅಲುಗುವುದಿಲ್ಲ. ಕಸದ ಗುಡ್ಡದ ಅಂಕಿಗಳಿಗೆ ಈ ಗುಣ ಬೇಕೇ ಬೇಕು. ವರದಿಯಲ್ಲಿ ಪರೀಕ್ಷೆಯ ಫಲಿತಾಂಶದ ಜೊತೆಗೆ ಈ ಇಳಿಜಾರನ್ನೂ ಕೊಡು. ‘ಗಮನಾರ್ಹ’ ಎಂಬ ಒಂದೇ ಶಬ್ದದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಈಗ ಅದೇ ಪರೀಕ್ಷೆಗೆ ಒಂದೇ ವರ್ಷದ ನಾಲ್ಕು ರೀಡಿಂಗ್ ಕೊಟ್ಟು ನೋಡು. ನಾಲ್ಕು ಅಂಕಿಗಳನ್ನು 24 ರೀತಿ ಜೋಡಿಸಬಹುದು. ಅವುಗಳಲ್ಲಿ ಪೂರ್ತಿ ಇಳಿಯುವುದು ಒಂದು, ಪೂರ್ತಿ ಏರುವುದು ಒಂದು. ಎಂದರೆ ನಾಲ್ಕೂ ಒಂದರ ಹಿಂದೊಂದು ಏರುತ್ತಲೇ ಹೋದರೂ, ಏರಿಕೆಯೋ ಇಳಿಕೆಯೋ ಎಂದು ಎರಡೂ ಕಡೆ ನೋಡುವ ಪರೀಕ್ಷೆಯಲ್ಲಿ ಆಕಸ್ಮಿಕದ ಸಾಧ್ಯತೆ ಶೇ. 8ಕ್ಕಿಂತ ಕೆಳಗೆ ಬರುವುದಿಲ್ಲ. ಶೇ. 5ರ ಗೆರೆ ಹಾಕಿಕೊಂಡವರಿಗೆ ಈ ಪರೀಕ್ಷೆ ‘ಪ್ರವೃತ್ತಿ ಇದೆ’ ಎಂದು ಹೇಳಲು ಸಾಧ್ಯವೇ ಇಲ್ಲ. ಮೀಥೇನ್ ಕಣ್ಣೆದುರೇ ದುಪ್ಪಟ್ಟಾಗುತ್ತಿದ್ದರೂ ಇಲ್ಲ! ಇದು ತಿಳಿಯದೆ ‘ಏರಿಕೆ ಕಂಡುಬಂದಿಲ್ಲ’ ಎಂದು ಬರೆದು ಮುಗಿಸುವ ವರದಿಗಳಿಂದಲೇ ನನಗೆ ಹೆಚ್ಚು ಭಯ. ಏರಿಕೆ ಇಲ್ಲ ಎನ್ನುವುದು ಬೇರೆ, ಏರಿಕೆ ಇದ್ದರೂ ಹಿಡಿಯುವಷ್ಟು ಅಂಕಿಗಳು ನಮ್ಮ ಬಳಿ ಇಲ್ಲ ಎನ್ನುವುದು ಬೇರೆ. ಗುಡ್ಡದ ಪಕ್ಕ ಮನೆ ಕಟ್ಟಿಕೊಂಡವರಿಗೆ ಇವೆರಡರ ನಡುವೆ ಇರುವ ಅಂತರ ಸಣ್ಣದಲ್ಲ.

ಋತುಮಾನದ ಮಾತಿಗೆ ಬಂದರೆ, ನಮ್ಮ ಕರಾವಳಿಗೆ ಹತ್ತಿರದ್ದೇ ಒಂದು ಒಳ್ಳೆಯ ನಿದರ್ಶನವಿದೆ. ಕಾರವಾರದಾಚೆ ಗೋವಾದಲ್ಲಿ ಕಾಬೊ ದೆ ರಾಮಾ ಎಂಬ ಕಡಲತಡಿಯ ಗುಡ್ಡವಿದೆ. 1993ರಿಂದ ಅಲ್ಲಿ ಗಾಜಿನ ಫ್ಲಾಸ್ಕಿನಲ್ಲಿ ಗಾಳಿ ಹಿಡಿದು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಪ್ರಯೋಗಾಲಯಕ್ಕೆ ಕಳಿಸಿ ಮೀಥೇನ್ ಅಳೆಸಿದರು. ನೈಋತ್ಯ ಮುಂಗಾರು ಬೀಸುವಾಗ ಭೂಮಧ್ಯರೇಖೆಯಾಚೆಯ ಕಡಲ ಗಾಳಿ ಬರುತ್ತದೆ, ಮೀಥೇನ್ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಗಾಳಿ ಒಳನಾಡಿನಿಂದ ತಿರುಗಿ ಬೀಸುತ್ತದೆ. ಗದ್ದೆ, ದನಕರು, ಊರುಗಳ ಮೀಥೇನನ್ನೆಲ್ಲ ಹೊತ್ತು ತರುತ್ತದೆ. ಪುದುಚೇರಿ ಮತ್ತು ಪೋರ್ಟ್ ಬ್ಲೇರ್‌ನಲ್ಲಿ ಅಳೆದಾಗ ಒಂದೇ ವರ್ಷದೊಳಗಿನ ಏರಿಳಿತ ನೂರು ಪಿಪಿಬಿಯನ್ನೂ ಮೀರಿತ್ತು. ಲಡಾಖಿನ ಹಾನ್ಲೆಯಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಎತ್ತರದಲ್ಲಿ, ಲಯವೇ ತಿರುಗುಮುರುಗು: ಅಲ್ಲಿ ಮುಂಗಾರಿನ ತಿಂಗಳುಗಳಲ್ಲೇ ಮೀಥೇನ್ ಹೆಚ್ಚು, ಯಾಕೆಂದರೆ ಕೆಳಗಿನ ಬಯಲಿನ ಗಾಳಿಯನ್ನು ಮುಂಗಾರಿನ ಮೋಡಗಳು ಮೇಲಕ್ಕೆ ಎತ್ತಿಕೊಂಡು ಹೋಗುತ್ತವೆ. ವರ್ಷಕ್ಕೆ ಏಳೆಂಟು ಪಿಪಿಬಿಯ ನಿಜವಾದ ಏರಿಕೆಯನ್ನು ನೂರರ ಅಲೆಯ ನಡುವೆ ಹುಡುಕಬೇಕು. ಜನವರಿಯಲ್ಲಿ ಶುರುವಾಗಿ ಮುಂದಿನ ವರ್ಷದ ಜುಲೈನಲ್ಲಿ ಮುಗಿಯುವ ಕಡತವನ್ನು ಹಾಗೆಯೇ ಪರೀಕ್ಷೆಗೆ ಹಾಕಿದರೆ ಕಾಬೊ ದೆ ರಾಮಾದಲ್ಲಿ ಮೀಥೇನ್ ಇಳಿಯುತ್ತಿದೆ ಎಂಬ ಉತ್ತರ ಬಂದರೂ ಬರಬಹುದು.

ಇದಕ್ಕೆ ಮದ್ದನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಹಿರ್ಷ್ ಮತ್ತು ಸಂಗಡಿಗರು 1982ರಲ್ಲಿ ಕೊಟ್ಟರು. ನದಿ ನೀರಿನ ಗುಣಮಟ್ಟಕ್ಕೆಂದು ಹುಟ್ಟಿದ ಈ ಋತುವಾರು ಕೆಂಡಾಲ್ ಪರೀಕ್ಷೆಯಲ್ಲಿ ಜನವರಿಯನ್ನು ಜನವರಿಯ ಜೊತೆ, ಜುಲೈಯನ್ನು ಜುಲೈಯ ಜೊತೆ ಮಾತ್ರ ಹೋಲಿಸಿ, ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. ಕಸದ ಗುಡ್ಡಕ್ಕೂ ಇದು ಅಷ್ಟೇ ಅಗತ್ಯ. ಮಳೆಗಾಲದಲ್ಲಿ ನೆನೆದ ಮಣ್ಣಿನ ರಂಧ್ರಗಳು ಮುಚ್ಚಿಕೊಂಡಾಗ ಮೇಲಕ್ಕೆ ಹೋಗಬೇಕಾದ ಅನಿಲ ಪಕ್ಕಕ್ಕೆ, ಬೇಲಿಯಾಚೆಗೆ ಹರಿಯುತ್ತದೆ. ಬೇಸಿಗೆಯ ಒಣ ಬಿರುಕುಗಳಲ್ಲಿ ನೇರ ಮೇಲೇರುತ್ತದೆ. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಏರಿಕೆ, ಬೇಸಿಗೆಯಲ್ಲಿ ಇಳಿಕೆ ಇದ್ದರೆ ಕೂಡಿಸಿದಾಗ ಎರಡೂ ಹೊಡೆದುಹೋಗಿ ಸೊನ್ನೆ ಉಳಿಯುತ್ತದೆ. ಋತುಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿವೆಯೇ ಎಂದು ಮೊದಲು ನೋಡಿ, ಆಮೇಲೆ ಕೂಡಿಸು.

ಉಳಿದ ಕೆಲವನ್ನು ಬೇಗ ಹೇಳುತ್ತೇನೆ. ಗಂಟೆಗೊಮ್ಮೆ ತಾನಾಗಿಯೇ ಅಳೆಯುವ ಉಪಕರಣ ಇದ್ದರೆ, ದಿನಕ್ಕೆ 24 ಅಂಕಿ ಬಂತೆಂದು 24 ಸಾಕ್ಷಿಗಳು ಸಿಕ್ಕವೆಂದು ತಿಳಿಯಬೇಡ. ಹತ್ತು ಗಂಟೆಯ ಅಂಕಿ ಒಂಬತ್ತು ಗಂಟೆಯದರ ನೆರಳು. ಇದನ್ನು ಸರಿದೂಗಿಸಲು 1998ರಲ್ಲಿ ಹಮೀದ್ ಮತ್ತು ರಾಮಚಂದ್ರ ರಾವ್ ಬರೆದ ತಿದ್ದುಪಡಿ ಇದೆ, ಬಳಸು. ಉಪಕರಣದ ಕನಿಷ್ಠ ಮಿತಿಗಿಂತ ಕಡಿಮೆ ಬಂದ ಅಂಕಿಗೆ ಸೊನ್ನೆಯನ್ನೋ ಮಿತಿಯ ಅರ್ಧವನ್ನೋ ತುಂಬಬೇಡ. ಹಳೆಯ ಉಪಕರಣದ ಮಿತಿ ಹೆಚ್ಚಿದ್ದು ಹೊಸದರದ್ದು ಕಡಿಮೆಯಾಗಿದ್ದರೆ ಆ ‘ಅರ್ಧ’ಗಳೇ ಇಳಿಕೆಯನ್ನು ಹುಟ್ಟಿಸುತ್ತವೆ. ದೊಡ್ಡ ಮಿತಿಗಿಂತ ಕೆಳಗಿನವನ್ನೆಲ್ಲ ಸರಿಸಮವೆಂದು ಎಣಿಸು. ಈ ಪರೀಕ್ಷೆಗೆ ಸಮಗಳನ್ನು ನಿಭಾಯಿಸಲು ಬರುತ್ತದೆ. ಇನ್ನು, ಒಂದು ಸೈಟಿನಲ್ಲಿ 20 ಬಾವಿ ಇದ್ದು, ಒಂದೊಂದನ್ನೂ ಶೇ. 5ರ ಗೆರೆಯಲ್ಲಿ ಪರೀಕ್ಷಿಸಿದರೆ, ಎಲ್ಲಿಯೂ ಏನೂ ಬದಲಾಗದಿದ್ದಾಗಲೂ ಕನಿಷ್ಠ ಒಂದು ಬಾವಿ ಸುಳ್ಳು ಕೂಗು ಹಾಕುವ ಸಾಧ್ಯತೆ ನೂರಕ್ಕೆ 64. ಹಾಗೆಂದು ಕೂಗಿದ ಬಾವಿಯನ್ನು ಕಡೆಗಣಿಸಬೇಡ. ಅದು ಮನೆಗಳ ಕಡೆಗಿದೆಯೇ, ಪಕ್ಕದ ಬಾವಿಯೂ ಅದೇ ಕಡೆ ವಾಲುತ್ತಿದೆಯೇ ಎಂದು ನೋಡಿ, ಬೇಗ ಮತ್ತೊಮ್ಮೆ ಅಳೆಸು.

ಅವಧಿಯ ಆಯ್ಕೆಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಜಗತ್ತಿನ ವಾಯುಮಂಡಲದ ಮೀಥೇನ್ 1980ರ ದಶಕದ ಉದ್ದಕ್ಕೂ ಏರಿತು. 1999ರಿಂದ 2006ರ ವರೆಗೆ ಹೆಚ್ಚುಕಡಿಮೆ ನಿಂತೇಹೋಯಿತು. 2007ರಿಂದ ಮತ್ತೆ ಏರತೊಡಗಿ, 2021ರಲ್ಲಿ ಒಂದೇ ವರ್ಷಕ್ಕೆ ಸುಮಾರು 17 ಪಿಪಿಬಿ ಜಿಗಿಯಿತು. ಈಗ 1,900ನ್ನು ದಾಟಿದೆ. ನಡುವಿನ ಆ ಎಂಟು ವರ್ಷಗಳನ್ನು ಮಾತ್ರ ಕತ್ತರಿಸಿಕೊಂಡು ಪರೀಕ್ಷಿಸಿದವನಿಗೆ ಸಮಸ್ಯೆ ಮುಗಿಯಿತೆಂದು ಕಾಣುತ್ತದೆ. ಎಲ್ಲ ವರ್ಷಗಳನ್ನೂ ಒಟ್ಟಿಗೆ ಹಾಕಿದವನಿಗೆ ‘ಏರಿಕೆ’ ಎಂಬ ಒಂದೇ ಉತ್ತರ ಸಿಕ್ಕಿ, ನಡುವೆ ನಿಂತದ್ದೂ ಮತ್ತೆ ಏಕೆ ಶುರುವಾಯಿತು ಎಂಬ ಪ್ರಶ್ನೆಯೂ ಕಾಣದೆ ಹೋಗುತ್ತವೆ. ಆ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಯಾವ ಪ್ರವೃತ್ತಿ ಪರೀಕ್ಷೆಯಿಂದಲೂ ಅಲ್ಲ. ಮೀಥೇನಿನಲ್ಲಿರುವ ಭಾರದ ಇಂಗಾಲ, ಎಂದರೆ ಇಂಗಾಲ-13ರ ಪ್ರಮಾಣ 2007ರ ನಂತರ ಕಡಿಮೆಯಾಗುತ್ತಾ ಬಂದದ್ದನ್ನು ಅಳೆದವರು, ಜೌಗು, ದನಕರು, ಕಸದಂಥ ಜೈವಿಕ ಮೂಲಗಳತ್ತ ಬೊಟ್ಟು ಮಾಡಿದರು. ಆದ್ದರಿಂದ ಗ್ರಾಫನ್ನು ಮೊದಲು ಕಣ್ಣಿನಿಂದ ನೋಡು, ಎಲ್ಲ ವರ್ಷಗಳನ್ನೂ ಹಾಕಿ ನೋಡು. ಯಾವ ಅವಧಿಯನ್ನು ಪರೀಕ್ಷಿಸುತ್ತೇನೆ ಎಂಬುದನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡು. ‘ಇಂಥ ವರ್ಷದಿಂದ ಶುರುಮಾಡಿ, ಇಳಿಕೆ ಚೆನ್ನಾಗಿ ಕಾಣುತ್ತದೆ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡ. ಹಾಗೆ ಹೇಳುವವರು ಕೆಟ್ಟವರೇ ಆಗಿರಬೇಕಿಲ್ಲ, ಕೆಲಸದ ಒತ್ತಡದಲ್ಲಿರುವವರೂ ಹೇಳುತ್ತಾರೆ.

ಪ್ರವೃತ್ತಿಯ ಗುಂಗಿನಲ್ಲಿ ಮಿತಿಯನ್ನು ಮರೆಯುವವರೂ ಇದ್ದಾರೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ನಮ್ಮ 2016ರ ಘನತ್ಯಾಜ್ಯ ನಿಯಮಗಳು ಕಸದ ಭರ್ತಿ ಸ್ಥಳದಲ್ಲಿ ಮೀಥೇನ್ ಆ ಕೆಳಮಿತಿಯ ಕಾಲುಭಾಗವನ್ನು, ಎಂದರೆ ಶೇ. 1.25ನ್ನು ದಾಟಬಾರದು ಎಂದಿದ್ದವು. ಬೇಲಿಯ ಬಳಿಯ ಬಾವಿಯಲ್ಲಿ ಶೇ. 12 ಇದ್ದದ್ದು ಮೂರು ವರ್ಷಗಳಲ್ಲಿ ಶೇ. 8ಕ್ಕೆ ಬಂದಿದ್ದರೆ ಪರೀಕ್ಷೆ ‘ಗಮನಾರ್ಹ ಇಳಿಕೆ’ ಎಂದು ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆ ಶೇ. 8 ಇವತ್ತಿಗೂ ಸಿಡಿಯುವ ಮಟ್ಟವೇ. ನಿನ್ನ ವರದಿಯ ಮೊದಲ ಪುಟದಲ್ಲಿ ಬರಬೇಕಾದದ್ದು ಈ ಮಾತು. ಪ್ರವೃತ್ತಿ ಎರಡನೆಯ ಪುಟಕ್ಕೆ ಹೋದರೂ ನಷ್ಟವಿಲ್ಲ.

ಮಾವಳ್ಳಿಪುರ, ಮಂಡೂರುಗಳ ಹೆಸರನ್ನು ಕೇಳುತ್ತಲೇ ಬೆಳೆದವಳು ನೀನು. ಬೆಂಗಳೂರಿನ ಕಸದ ಲಾರಿಗಳನ್ನು ತಡೆಯಲು ಅಲ್ಲಿಯ ಜನ ರಸ್ತೆಗಿಳಿಯಬೇಕಾಯಿತು. ಲಾರಿ ನಿಂತ ಮೇಲೂ ಗುಡ್ಡದೊಳಗೆ ಕೊಳೆಯುವುದು ವರ್ಷಗಟ್ಟಲೆ ನಡೆದೇ ಇರುತ್ತದೆ. ಅದಕ್ಕಾಗಿಯೇ ಭರ್ತಿ ಸ್ಥಳ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನಿಗಾ ಇರಬೇಕೆಂದು 2016ರ ಆ ನಿಯಮಗಳಲ್ಲಿ ಬರೆದಿತ್ತು. ಅಮೆರಿಕದಲ್ಲಿ ಅದು 30 ವರ್ಷ. ಅಷ್ಟು ಉದ್ದದ ಕೆಲಸದಲ್ಲಿ ಜನ ಬದಲಾಗುತ್ತಾರೆ, ಗುತ್ತಿಗೆ ಬದಲಾಗುತ್ತದೆ, ಉಪಕರಣ ಬದಲಾಗುತ್ತದೆ. ನಿನ್ನ ನಂತರ ಬರುವವರು ನಂಬುವುದು ನೀನು ರೀಡಿಂಗ್ ಪಕ್ಕದಲ್ಲಿ ಬರೆದಿಟ್ಟ ಗಂಟೆ, ವಾಯುಭಾರ, ಆಮ್ಲಜನಕ, ಉಪಕರಣದ ನಂಬರು, ಹಿಂದಿನ ದಿನ ಮಳೆ ಬಂದಿತ್ತೇ ಎಂಬ ಟಿಪ್ಪಣಿ, ಇಷ್ಟನ್ನೇ. ಆ ಕಾಲಂಗಳನ್ನು ಈ ವಾರವೇ ನಿಮ್ಮ ನಮೂನೆಯಲ್ಲಿ ಸೇರಿಸಲು ಕೇಳು. ವರ್ಷದಲ್ಲಿ ಒಂದೆರಡು ಭೇಟಿಯನ್ನಾದರೂ ವಾಯುಭಾರ ಕುಸಿಯುತ್ತಿರುವ ದಿನವೇ ಇಟ್ಟುಕೊಳ್ಳುವಂತೆ ಮೇಲಿನವರನ್ನು ಒಪ್ಪಿಸು. ಮತ್ತು ನಾಲ್ಕು ರೀಡಿಂಗ್ ತೋರಿಸಿ, ಏರಿಕೆ ಕಂಡುಬಂದಿಲ್ಲ, ಆದ್ದರಿಂದ ಈ ಬಾವಿಯ ನಿಗಾ ನಿಲ್ಲಿಸಬಹುದು ಎಂಬ ಕಾಗದ ನಿನ್ನ ಮೇಜಿಗೆ ಬಂದರೆ, ಯಾರೇ ಕಳಿಸಿರಲಿ, ಅದಕ್ಕೆ ಸಹಿ ಹಾಕಬೇಡ ಮಗಳೇ.